ಬಚ್ಚಲ ಹಿಂದಿನ ಗಸಗಸೆ ಹೂವು

ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಏಳು ಬಟ್ಟಲುಗಳಿವೆ. ಆರರಲ್ಲಿ ಸಾಸಿವೆ, ಜೀರಿಗೆ, ಅರಿಸಿನ ಅಂತ ಏನಾದರೂ ಇದ್ದೇ ಇರುತ್ತದೆ. ಏಳನೆಯದನ್ನು ಮಾತ್ರ ತೊಳೆದು ಒರೆಸಿ ಖಾಲಿ ಇಡುತ್ತೇನೆ. ಮೊನ್ನೆ ಮನೆಗೆ ಬಂದ ನನ್ನ ನಾದಿನಿ ಒಗ್ಗರಣೆ ಹಾಕಲು ನಿಂತವಳು ಅದನ್ನು ನೋಡಿ, ಇದರಲ್ಲಿ ಏನಿರುತ್ತಿತ್ತು ವೈನಿ ಎಂದು ಕೇಳಿದಳು. ಗಸಗಸೆ ಎಂದೆ. ಮುಗಿದಿದ್ದರೆ ಪೇಟೆಗೆ ಹೋದಾಗ ತರುತ್ತೇನೆ ಎಂದಳು. ಬೇಡ ಎಂದು ನಾನು ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ, ಅವಳು ನನ್ನ ಮುಖವನ್ನೇ ನೋಡುತ್ತ ನಿಂತು ಒಗ್ಗರಣೆ ಸೀದುಹೋಯಿತು.

ಅವಳಿಗೆ ಕಾರಣ ಹೇಳಲಿಲ್ಲ. ನಿಮಗೆ ಹೇಳುತ್ತೇನೆ. ಆದರೆ ದನಿ ತಗ್ಗಿಸಿ ಹೇಳಬೇಕು, ಏಕೆಂದರೆ ಹೊರಗೆ ಕಟ್ಟೆಯ ಮೇಲೆ ನಮ್ಮ ಅತ್ತೆ ಕುಳಿತಿದ್ದಾರೆ. ಎಪ್ಪತ್ತೆಂಟರ ಅವರ ಕಿವಿ ಬಹಳ ಚುರುಕು. ಬಲಗಣ್ಣು ಈಗ ಕಿವಿಗಿಂತಲೂ ಚುರುಕು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನಾನು ಹುಟ್ಟಾ ಅಂಜುಬುರುಕಿ. ಯಲಬುರ್ಗಾದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಧೈರ್ಯದ ಪಾಠ ಹೇಳುವಾಗ ನನ್ನ ಕೈ ಮೇಜಿನ ಅಂಚನ್ನು ಹಿಡಿದಿರುತ್ತದೆ. ನನ್ನ ತವರು ಸಿದ್ದಾಪುರ, ಕಾಲುವೆ ನೀರಿನ ಊರು. ಅಲ್ಲಿ ನಾನು ಐದಾರು ವರ್ಷದವಳಿದ್ದಾಗ ಖಾಕಿ ಬಟ್ಟೆ ತೊಟ್ಟವರೆಲ್ಲ ಪೊಲೀಸರೇ ಎಂದು ನಂಬಿದ್ದೆ. ಕಾಲುವೆಯ ತೂಬು ತಿರುಗಿಸುವವನು ಬಂದರೂ ಅಷ್ಟೇ, ಟಪಾಲಿನವನು ಬಂದರೂ ಅಷ್ಟೇ, ಓಡಿಹೋಗಿ ಭತ್ತದ ಚೀಲಗಳ ಸಂದಿಯಲ್ಲಿ ಅಡಗುತ್ತಿದ್ದೆ. ಒಮ್ಮೆ ಹಾಗೆ ಅಡಗಿದಲ್ಲೇ ನಿದ್ದೆ ಹೋಗಿ, ಮನೆಯವರೆಲ್ಲ ಕಾಲುವೆಯ ದಂಡೆಗುಂಟ ನನ್ನನ್ನು ಹುಡುಕಿದರಂತೆ. ಸಿಕ್ಕ ಮೇಲೆ ಅಪ್ಪ ಹೊಡೆಯಲಿಲ್ಲ. ಏನು ಕದ್ದಿದ್ದೀ ಅಂತ ಇಷ್ಟು ಅಂಜುತ್ತೀ ಎಂದು ಕೇಳಿದರು. ಏನೂ ಕದಿಯದವರಿಗೂ ಅಂಜಿಕೆ ಇರಬಹುದೆಂದು ಅಪ್ಪನಿಗೆ ಅನಿಸಿರಲಿಕ್ಕಿಲ್ಲ.

ನಿದ್ದೆಯ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ ಹೇಳಬೇಕು. ಆಗೆಲ್ಲ ಭತ್ತದ ನಾಟಿಗೆ ಹೋಗುವ ತಾಯಂದಿರು ತೊಟ್ಟಿಲ ಕೂಸಿಗೆ ಸಾಸಿವೆಕಾಳಿನಷ್ಟು ಅಫೀಮು ನೆಕ್ಕಿಸಿ ಮಲಗಿಸುತ್ತಿದ್ದರಂತೆ. ಕೂಸು ಸಂಜೆಯತನಕ ಏಳುತ್ತಿರಲಿಲ್ಲ. ಕೆಲವು ಕೂಸುಗಳು ಆಮೇಲೂ ಏಳಲಿಲ್ಲವೆಂದು ಅಮ್ಮ ಒಮ್ಮೆ ಹೇಳಿ, ಮಾತು ಬದಲಿಸಿದ್ದಳು. ನಮ್ಮಜ್ಜಿ ನನಗೂ ಎರಡು ಸಲ ನೆಕ್ಕಿಸಿದ್ದಳೆಂದು ಕೇಳಿದ್ದೇನೆ. ಹೀಗಾಗಿ ನನ್ನ ಮೇಲೆ ಕೇಸು ಹಾಕುವವರು ತೊಟ್ಟಿಲಿನಿಂದಲೇ ಶುರು ಮಾಡಬಹುದು.

ಇನ್ನು ಹೂವಿನ ವಿಷಯ. ಎರಡು ವರ್ಷದ ಹಿಂದೆ ದಸರೆ ಮುಗಿದ ಮೇಲೆ ಡಬ್ಬಿ ತೊಳೆಯಲು ತೆಗೆದಾಗ ಗಸಗಸೆಗೆ ಮುಗ್ಗಲು ವಾಸನೆ ಹತ್ತಿತ್ತು. ಪಾಯಸಕ್ಕೆ ಬಾರದು ಎಂದು ಬಚ್ಚಲ ಹಿಂದಿನ ಮಡಿಗೆ ಚೆಲ್ಲಿದೆ. ಅಲ್ಲಿ ಒಂದು ಕರಿಬೇವಿನ ಗಿಡ, ನಾಲ್ಕು ಬಾಡಿದ ಚೆಂಡುಹೂವು ಇದ್ದವು ಅಷ್ಟೇ. ಇಪ್ಪತ್ತು ದಿನಕ್ಕೆ ನೋಡಿದರೆ ಬೂದಿ ಬಳಿದ ಹಸಿರಿನ ಸಣ್ಣ ಸಣ್ಣ ಸಸಿಗಳು ಒಂದರ ಮೇಲೊಂದು ಬಿದ್ದು ಎದ್ದಿವೆ. ನನಗೆ ಅದೇನು ಸೊಪ್ಪೋ ಗೊತ್ತಾಗಲಿಲ್ಲ.

ಅತ್ತೆಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅವರು ಮಡಿಯ ಪಕ್ಕ ಕುಳಿತು ಎಲೆಯನ್ನು ಬೆರಳಿನಿಂದ ಸವರಿ, ಇದು ನಯವಾಗಿದೆ, ಇದ್ದುಕೊಳ್ಳಲಿ ಎಂದರು. ದಟ್ಟವಾಗಿದೆ, ಸ್ವಲ್ಪ ಕಿತ್ತು ತೆಳು ಮಾಡೋಣ ಎಂದರೆ ಒಪ್ಪಲಿಲ್ಲ. ತಾನಾಗಿ ಹುಟ್ಟಿದ್ದನ್ನು ಕೀಳಬಾರದು ಎಂಬುದು ಅವರ ನೇಮ. ಒಂದೆರಡನ್ನು ನಾನು ಕದ್ದು ಕಿತ್ತು ಬೇರೆ ಕಡೆ ನೆಟ್ಟೆ. ಅವು ಸಂಜೆಯೊಳಗೆ ತಲೆ ಚೆಲ್ಲಿದವು. ಬೇರು ನೆಟ್ಟಗೆ ಕೆಳಗಿಳಿಯುವ ಗಿಡ, ಜಾಗ ಬದಲಿಸಿದರೆ ಬದುಕುವುದಿಲ್ಲ ಎಂದು ಆಮೇಲೆ ತಿಳಿಯಿತು. ನೀರಿನದೂ ಒಂದು ಪಾಠವಾಯಿತು. ನಮ್ಮ ಎರೆ ಮಣ್ಣು ಒಮ್ಮೆ ನೀರು ಕುಡಿದರೆ ಬಿಡುವುದಿಲ್ಲ. ದಿನಾ ತಂಬಿಗೆ ಸುರಿದು ಹತ್ತು ಗಿಡಗಳ ಬುಡ ಕೊಳೆಸಿದೆ. ಕೊನೆಗೆ ಅತ್ತೆಯೇ ಒಂದು ಬುಟ್ಟಿ ಉಸುಕು ತರಿಸಿ, ಮಡಿಗೆ ಬೆರೆಸಿ, ಮೂರು ದಿನಕ್ಕೊಮ್ಮೆ ಕೈಯಿಂದ ನೀರು ಚಿಮುಕಿಸಿ ಉಳಿದವನ್ನು ಬದುಕಿಸಿದರು. ಕಣ್ಣಿಲ್ಲದವರು ಬೆಳೆಸಿದರು, ಕಣ್ಣಿದ್ದ ವಿಜ್ಞಾನದ ಟೀಚರು ಕೊಳೆಸಿದಳು.

ಸಂಕ್ರಾಂತಿಯ ಹೊತ್ತಿಗೆ ಮೊಗ್ಗು ಬಂದವು. ಎಲ್ಲವೂ ತಲೆ ಬಗ್ಗಿಸಿ ನೆಲ ನೋಡುತ್ತಿದ್ದವು. ರೋಗ ಹತ್ತಿತೇನೋ ಎಂದು ನಾನು ಎಂದಿನಂತೆ ಗಾಬರಿಯಾದೆ. ಅದೇ ವಾರ ಕೊಪ್ಪಳದ ಆಸ್ಪತ್ರೆಯಲ್ಲಿ ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿದೆವು. ಮನೆಗೆ ಬಂದ ಮರುದಿನ ಬೆಳಿಗ್ಗೆ ಅವರು ಕರಿ ಕನ್ನಡಕ ಹಾಕಿಕೊಂಡು ಗೋಡೆ ಹಿಡಿದು ಬಚ್ಚಲಿಗೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ. ಜಾರಿ ಬಿದ್ದರೇ ಎಂದು ಓಡಿದೆ. ಅವರು ಮಡಿಯ ಮುಂದೆ ಕನ್ನಡಕ ತೆಗೆದು ನಿಂತಿದ್ದರು. ಬಗ್ಗಿದ್ದ ಒಂದು ಮೊಗ್ಗು ಕತ್ತೆತ್ತಿ ನೆಟ್ಟಗಾಗಿ ಅರಳಿತ್ತು. ನಾಲ್ಕೇ ಎಸಳು. ನೋಡಿದರೆ ಸಾಕು, ಹರಿದೀತು ಎನ್ನುವಷ್ಟು ತೆಳು. ಕೆಂಪು.

"ಕೆಂಪ ಅಂದ್ರ ಹಿಂಗಿರ್ತೈತಿ ಅನ್ನೋದ ಮರತುಬಿಟ್ಟಿದ್ದೆ," ಎಂದರು.

ಆವತ್ತಿನಿಂದ ಆ ಮಡಿ ಅವರದಾಯಿತು. ಬೆಳಿಗ್ಗೆ ಚಹಾ ಅಲ್ಲಿಯೇ. ಇವತ್ತು ಏಳು ಅರಳಿವೆ, ಒಂದು ಬಿಳಿ, ಎರಡು ನೇರಳೆ ಎಂದು ಎಣಿಸಿ ನನಗೆ ವರದಿ ಕೊಡುತ್ತಿದ್ದರು. ಒಂದು ಹೂವು ಒಂದೇ ದಿನ, ಬಹಳವೆಂದರೆ ಎರಡು. ಮಧ್ಯಾಹ್ನದ ಗಾಳಿಗೆ ಎಸಳು ಉದುರಿದರೆ ಅವನ್ನು ಆರಿಸಿ ದೇವರ ಜಗುಲಿಯ ಮೇಲೆ ಇಡುತ್ತಿದ್ದರು. ಎಡಗಣ್ಣಿಗೂ ಆಪರೇಷನ್ ಮಾಡಿಸೋಣವೆಂದರೆ, ಈ ಹೂವಿಗೆ ಒಂದು ಕಣ್ಣು ಸಾಕು ಎನ್ನುತ್ತಿದ್ದರು. ಯುಗಾದಿಗೆ ಮೊದಲು ಕಾಯಿ ಒಣಗಿದವು. ಅಲ್ಲಾಡಿಸಿದರೆ ಗಿಲಕಿಯ ಸದ್ದು. ಅತ್ತೆ ಅವನ್ನು ಒಂದೊಂದಾಗಿ ಬಿಡಿಸಿದರೆ ಒಳಗೆ ನಾನು ಚೆಲ್ಲಿದ ಗಸಗಸೆಯೇ; ಆ ಬೀಜವನ್ನು ಬಾಟಲಿಗೆ ತುಂಬಿದರು. ಅಲ್ಲಿಗೆ ಮುಗಿದಿದ್ದರೆ ಈ ಕತೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಡಬ್ಬಿಗಳು ಮನುಷ್ಯರಿಗಿಂತ ಹೆಚ್ಚು ತಿರುಗಾಡುತ್ತವೆ. ಒಬ್ಬರ ಮನೆಯ ಹೋಳಿಗೆ ಇನ್ನೊಬ್ಬರ ಮನೆಗೆ, ಅವರ ಶೇಂಗಾ ಚಟ್ನಿ ಮತ್ತೊಬ್ಬರ ಮನೆಗೆ. ಬಂದ ಡಬ್ಬಿಯನ್ನು ಬರಿದಾಗಿ ತಿರುಗಿ ಕೊಡುವ ಪದ್ಧತಿ ಇಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ, ಎರಡು ಹಸಿಮೆಣಸಿನಕಾಯಿ, ಒಂದು ಕರಿಬೇವಿನ ಎಸಳು. ಖಾಲಿ ಡಬ್ಬಿ ಕಳಿಸಿದರೆ ನಮ್ಮ ಮನೆ ಖಾಲಿ ಇದೆ ಎಂದು ಹೇಳಿ ಕಳಿಸಿದ ಹಾಗೆ ಎನ್ನುತ್ತಾರೆ ಅತ್ತೆ. ಆ ಬೇಸಿಗೆಯಲ್ಲಿ ನಮ್ಮ ಮನೆಯಿಂದ ಹೋದ ಪ್ರತಿಯೊಂದು ಡಬ್ಬಿಯಲ್ಲೂ ಅವರು ಕಾಗದದ ಪೊಟ್ಟಣ ಕಟ್ಟಿ ಗಸಗಸೆ ಬೀಜ ಇಟ್ಟರು. ಜೊತೆಗೆ ದೀಪಾವಳಿಯ ಹಟ್ಟಿ ಹಬ್ಬ ಮುಗಿದ ಮೇಲೆ ಉಸುಕಿನಲ್ಲಿ ಕಲೆಸಿ ಚೆಲ್ಲಿರಿ, ನೀರು ಜಾಸ್ತಿ ಹಾಕಬೇಡಿರಿ, ಕಿತ್ತು ಬೇರೆ ಕಡೆ ನೆಡಬೇಡಿರಿ ಎಂಬ ಸೂಚನೆ. ನನಗಾಗಲಿ ಅವರಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮರುವರ್ಷದ ಮಾಘ ಮಾಸದಲ್ಲಿ ನಮ್ಮದೂ ಸೇರಿ ಐದು ಮನೆಗಳ ಹಿತ್ತಲು ಅರಳಿದವು. ಎಮ್ಮೆ ಕಟ್ಟಿದ ರೇಣವ್ವನ ಮನೆ, ಕಿರಾಣಿ ಅಂಗಡಿಯವರ ಮನೆ, ಲೈನ್‌ಮನ್ನನ ಮನೆ, ಓಣಿಯ ತುದಿಯಲ್ಲಿ ಶರಣಪ್ಪ ಹವಾಲ್ದಾರರ ಮನೆ. ಹೌದು, ಪೊಲೀಸ್ ಹವಾಲ್ದಾರರು. ಅವರ ಹೆಂಡತಿ ಶಾಂತಕ್ಕ ಫೋನಿನ ಸ್ಟೇಟಸ್ಸಿಗೆ ಒಂದು ಫೋಟೋ ಹಾಕಿದ್ದಳು. ಹವಾಲ್ದಾರರು ಡ್ಯೂಟಿಗೆ ಹೊರಟ ಖಾಕಿಯಲ್ಲೇ ಹೂವುಗಳ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನಾನು ಅದಕ್ಕೆ ಹೆಬ್ಬೆರಳು ಕಳಿಸಿದ್ದೆ.

ಅದಾಗಿ ನಾಲ್ಕು ದಿನಕ್ಕೆ, ಮಂಗಳವಾರ ಬೆಳಿಗ್ಗೆ, ಬಸ್ಸಿನಲ್ಲಿ ಪಕ್ಕದವರು ಹಿಡಿದಿದ್ದ ಪೇಪರಿನಲ್ಲಿ ನಮ್ಮ ಹಿತ್ತಲು ಕಾಣಿಸಿತು. ನಿಜವಾಗಿ ಅದು ಬೇರೆ ಯಾವುದೋ ಜಿಲ್ಲೆಯ ಹಿತ್ತಲು. ಆದರೆ ಅದೇ ಬೂದು ಹಸಿರು ಎಲೆ, ಅದೇ ಕಿರೀಟ ಇಟ್ಟ ಕಾಯಿ. ಕಿತ್ತು ರಾಶಿ ಹಾಕಿದ ಗಿಡಗಳ ಹಿಂದೆ ಸಾಲಾಗಿ ಪೊಲೀಸರು ನಿಂತಿದ್ದರು. ಮುಂದೆ ಒಬ್ಬ ಮನುಷ್ಯ ಮುಖ ಮುಚ್ಚಿಕೊಂಡು ಕುಳಿತಿದ್ದ. ಮನೆಯಂಗಳದಲ್ಲಿ ಅಫೀಮು ಗಿಡ ಬೆಳೆದವನ ಬಂಧನ ಎಂದು ದೊಡ್ಡ ಅಕ್ಷರದಲ್ಲಿತ್ತು.

ಇಪ್ಪತ್ತೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಮಾರ್ಫಿನ್ ಅಫೀಮು ಗಿಡದಿಂದ ಬರುತ್ತದೆ ಎಂದು ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ ಬೋರ್ಡಿನ ಮೇಲಿನ ಅಫೀಮು ಗಿಡಕ್ಕೂ ಸಾಸಿವೆ ಡಬ್ಬಿಯ ಗಸಗಸೆಗೂ ಸಂಬಂಧವಿದೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅದು ಪರೀಕ್ಷೆಗೆ ಬರುವ ಗಿಡ, ಇದು ಪಾಯಸಕ್ಕೆ ಬರುವ ಕಾಳು. ಬೀಜ ತಿಂದರೆ ಪಾಯಸ, ಮಣ್ಣಿಗೆ ಬಿದ್ದರೆ ಕೇಸು ಎಂಬುದು ಅವತ್ತು ಗೊತ್ತಾಯಿತು.

ಅವತ್ತು ಶಾಲೆಯಲ್ಲಿ ನಾನು ಪಟ್ಟ ಪಾಡು ಹೇಳಬಾರದು. ಹಿಂದಿನ ದಿನ ಕಾಯಿ ಎಷ್ಟು ಬಲಿತಿದೆ ಎಂದು ಉಗುರು ಒತ್ತಿ ನೋಡಿದ್ದೆ. ಒಸರಿದ ಹಾಲು ಉಗುರಿಗೆ ಹತ್ತಿ ಕಂದು ಕಲೆಯಾಗಿತ್ತು. ನಲ್ಲಿಯ ಕೆಳಗೆ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕುಳಿತೆ. ಮುಖ್ಯೋಪಾಧ್ಯಾಯರು ಕೈಗೆ ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಸಾರ್, ಮೆಹಂದಿ ಎಂದೆ. ಒಂದೇ ಉಗುರಿಗೆ ಯಾರು ಮೆಹಂದಿ ಹಚ್ಚುತ್ತಾರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ದಡ್ಡಿ, ಯಾರೂ ಕಳ್ಳ ಎನ್ನುವ ಮೊದಲೇ ಹೆಗಲು ತೋರಿಸುತ್ತಿದ್ದೆ.

ನಮ್ಮ ಮನೆಯವರು ಕನಕಗಿರಿಯ ಕಚೇರಿಯಲ್ಲಿದ್ದಾರೆ, ಶನಿವಾರ ಬರುತ್ತಾರೆ. ಅವರಿಗೆ ಫೋನ್ ಮಾಡಿದೆ. ಫೋನಿನಲ್ಲಿ ಯಾರಾದರೂ ಕೇಳಿಸಿಕೊಂಡರೆ ಎಂಬ ಭಯ. ಹೀಗಾಗಿ ಆ ಹೂವಿನ ವಿಷಯ, ಆ ಹೂವಿನ ವಿಷಯ ಎಂದಷ್ಟೇ ಅನ್ನುತ್ತಿದ್ದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಮಲ್ಲಿಗೆ ಎರಡು ಮೊಳ ಸಾಕೇ ಎಂದು ಕೇಳಿದರು. ಸಾಕು ಎಂದು ಇಟ್ಟೆ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನೌಕರಿ ಹೋದರೆ? ಹೋಗಲಿ, ಪೇಪರಿನವರು ಮುಖ ಮುಚ್ಚಿಕೊಂಡು ಕುಳಿತ ನನ್ನ ಫೋಟೋ ಹಾಕಿದರೆ? ನನ್ನ ಮಕ್ಕಳು, ಅಂದರೆ ಶಾಲೆಯ ಮಕ್ಕಳು, ಅದನ್ನು ನೋಡಿದರೆ? ಅದಕ್ಕಿಂತ ಕೆಟ್ಟದ್ದು, ಬೀಜ ಹಂಚಿದವರು ಯಾರು ಎಂದು ಕೇಳಿ ಅತ್ತೆಯನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದರೆ? ಅವರು ಸುಳ್ಳು ಹೇಳುವವರಲ್ಲ. ನಾನೇ ಹಂಚಿದೆ, ಛಲೋ ಹೂವು, ನಿಮಗೂ ಬೇಕೇನು ಎಂದು ಕೇಳಿಯೇ ಕೇಳುತ್ತಾರೆ.

ನಮ್ಮ ಹಿತ್ತಲನ್ನು ಮೊದಲು ಸ್ವಚ್ಛ ಮಾಡಬೇಕಾಗಿತ್ತು, ಅಲ್ಲವೇ? ಮಾಡಲಿಲ್ಲ. ಮನೆಗೆ ಬಂದಾಗ ಅತ್ತೆ ಮಡಿಯ ಮುಂದೆ ಕುಳಿತು ಹನ್ನೊಂದು ಎಂದು ಎಣಿಸಿ ಮುಗಿಸಿದ್ದರು. ಅತ್ತೆಗೆ ಹೇಳುವುದಕ್ಕಿಂತ ಓಣಿಗೆ ಹೇಳುವುದು ಸುಲಭವೆನಿಸಿತು. ಆದರೆ ಓಣಿಗೆ ನಿಜ ಹೇಳಿದರೆ ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿ ಸುದ್ದಿಯಾಗುತ್ತದೆ. ಒಂದು ಸುಳ್ಳು ಬೇಕಾಗಿತ್ತು. ರೇಣವ್ವನ ಮನೆಯ ಹೊಸ್ತಿಲ ಮೇಲೆ ನಿಂತಾಗ ಅದು ತಾನಾಗಿ ಬಾಯಿಗೆ ಬಂತು.

"ರೇಣವ್ವ, ಈ ಗಿಡದ ವಾಸನಿಗೆ ಹಾವು ಬರ್ತಾವಂತ," ಎಂದೆ.

ಪ್ರತಿವರ್ಷ ಹಾವಿನ ಪಾಠ ಮಾಡುವವಳು ನಾನು. ಹಾವು ಹಾಲು ಕುಡಿಯುವುದಿಲ್ಲ, ದ್ವೇಷ ಇಟ್ಟುಕೊಳ್ಳುವುದಿಲ್ಲ, ಹೂವಿನ ವಾಸನೆಗೆ ಬರುವುದಿಲ್ಲ ಎಂದು ಮಕ್ಕಳಿಂದ ಮೂರು ಸಲ ಹೇಳಿಸುವವಳು. ಆದರೆ ಸಾಯನ್ಸ್ ಅಕ್ಕೋರೇ ಹೇಳಿದ ಮೇಲೆ ಕೇಳಬೇಕೇ. ಹೆದರುವವರ ಮೇಲೆ ಕಪ್ಪೆ ಎಸೆದಂತೆ ಎನ್ನುತ್ತಾರಲ್ಲ, ಇಲ್ಲಿ ಹೆದರಿದವಳೇ ಎಸೆದಿದ್ದಳು. ಅರ್ಧ ಗಂಟೆಯಲ್ಲಿ ಕಿರಾಣಿ ಅಂಗಡಿಯವರು, ಲೈನ್‌ಮನ್ನನ ಮನೆಯವರು ಗಿಡಗಳನ್ನು ಬೇರುಸಮೇತ ಕಿತ್ತು ಸುಟ್ಟರು. ಲೈನ್‌ಮನ್ನನ ಹೆಂಡತಿ ಹಾವೊಂದನ್ನು ಮೊನ್ನೆಯೇ ನೋಡಿದ್ದಾಗಿಯೂ ಹೇಳಿದಳು. ರೇಣವ್ವ ಮಾತ್ರ ಸುಡಲಿಲ್ಲ. ಹಸಿರು ಯಾಕೆ ಹಾಳು ಮಾಡಬೇಕೆಂದು ಎಮ್ಮೆಗೆ ಹಾಕಿಬಿಟ್ಟಳು.

ಇನ್ನೊಂದು ಅಂಜಿಕೆ ಹತ್ತಿತು. ಎಮ್ಮೆಗೆ ಏನಾದರೂ ಆದರೆ? ಎರಡು ದಿನ ಶಾಲೆಗೆ ಹೋಗುವಾಗ, ಬರುವಾಗ ಗೋಡೆಯ ಮೇಲಿಂದ ಹಣಕಿ ನೋಡಿದೆ. ಎಮ್ಮೆ ಕಣ್ಣು ಮುಚ್ಚಿ ಮಲಗಿತ್ತು. ಆದರೆ ಎಮ್ಮೆ ಮೊದಲಿನಿಂದಲೂ ಮಲಗಿಯೇ ಇರುತ್ತದೆ. ನಶೆಯೋ ಸ್ವಭಾವವೋ ತಿಳಿಯುವ ಬಗೆ ಇರಲಿಲ್ಲ. ಮೂರನೆಯ ದಿನ ಅದು ಎದ್ದು ನನ್ನ ಮುಖಕ್ಕೆ ಸರಿಯಾಗಿ ಉಸಿರು ಬಿಟ್ಟಾಗ ನನಗೆ ಅಳುವೇ ಬಂತು.

ಉಳಿದದ್ದು ಹವಾಲ್ದಾರರ ಮನೆ. ಅಲ್ಲಿಗೆ ಹೋಗುವ ಧೈರ್ಯ ನನಗಿರಲಿಲ್ಲ. ಪೊಲೀಸರಿಗೆ ಹಾವಿನ ಕತೆ ಹೇಳಿ ಬದುಕಿದವರು ಯಾರಿದ್ದಾರೆ? ಅಷ್ಟರಲ್ಲಿ ಇನ್ನೊಂದು ಗಮನಕ್ಕೆ ಬಂತು. ದಿನಾ ಎದುರು ಸಿಕ್ಕರೆ ನಮಸ್ಕಾರ ಅಕ್ಕೋರ ಎನ್ನುವ ಶರಣಪ್ಪನವರು ನನ್ನನ್ನು ಕಂಡು ಗಾಡಿಯನ್ನು ಬೇರೆ ಓಣಿಗೆ ತಿರುಗಿಸಿದರು. ಒಮ್ಮೆಯಲ್ಲ, ಎರಡು ಸಲ. ಶಾಂತಕ್ಕನ ಸ್ಟೇಟಸ್ಸೂ ಮಾಯವಾಗಿತ್ತು. ನಾನು ಲೆಕ್ಕ ಹಾಕಿದೆ. ಅವರಿಗೆ ಗೊತ್ತಾಗಿದೆ. ಬೀಜ ಎಲ್ಲಿಂದ ಬಂತೆಂದೂ ಗೊತ್ತಿದೆ. ಈಗ ನೆರೆಯವರ ಮೇಲೆ ಕೇಸು ಬರೆಯುವ ಮುಜುಗರದಿಂದ ಮುಖ ತಪ್ಪಿಸುತ್ತಿದ್ದಾರೆ. ಆ ಫೋಟೋ ಈಗ ಸಾಕ್ಷಿಯಾಗಿ ಯಾವುದೋ ಫೈಲಿನಲ್ಲಿದೆ, ನನ್ನ ಹೆಬ್ಬೆರಳಿನ ಸಮೇತ.

ಶನಿವಾರ ಸಂಜೆ ಮನೆಯವರು ಮಲ್ಲಿಗೆ ಹಿಡಿದುಕೊಂಡು ಬಂದರು. ಎಲ್ಲ ಕೇಳಿದ ಮೇಲೆ ಅವರ ಮುಖವೂ ಬಿಳಿಚಿತು. ಈಗಿಂದೀಗ ಕಿತ್ತುಬಿಡು ಎಂದು ಹೇಳಿ, ತಾವು ಮಾತ್ರ ತಾಯಿಯ ಮುಂದೆ ಹೋಗದೆ ಒಳಗೆ ಕುಳಿತರು. ಅಂಜಿಕೆಯಲ್ಲಿ ನಾನೊಬ್ಬಳೇ ಅಲ್ಲ ಎಂದು ಅವತ್ತು ಸ್ವಲ್ಪ ಸಮಾಧಾನವಾಯಿತು.

ಅತ್ತೆ ಬಚ್ಚಲ ಕಟ್ಟೆಯ ಮೇಲೆ ಕುಳಿತಿದ್ದರು. ಇವನ್ನು ಕೀಳಬೇಕು ಎಂದೆ. ಅವರು ತಿರುಗಲೂ ಇಲ್ಲ.

"ಹಾವು ಬರ್ತಾವಂತ ಓಣಿಗೆಲ್ಲಾ ಹೇಳಿಯಂತಲ್ಲ. ನನಗೂ ಅದನ್ನ ಹೇಳ್ತೀಯೇನು?"

"ಇಲ್ರಿ ಅತ್ತಿ. ಹಾವಲ್ಲ, ಪೊಲೀಸ್ರು ಬರ್ತಾರ."

ಎಲ್ಲವನ್ನೂ ಹೇಳಿದೆ. ಅಫೀಮು ಎಂದಾಗ ಅವರು ಒಮ್ಮೆ ಗಿಡದ ಕಡೆ ನೋಡಿದರು, ಗುರುತಿನವರ ಬಗ್ಗೆ ಕೆಟ್ಟ ಸುದ್ದಿ ಕೇಳಿದವರ ಹಾಗೆ. ಅಂಗಡಿಯಲ್ಲಿ ಮಾರುವುದು ಇದನ್ನೇ ಅಲ್ಲವೇ ಎಂದು ಕೇಳಿದರು. ಮಾರಬಹುದು, ತಿನ್ನಬಹುದು, ಲೈಸೆನ್ಸ್ ಇಲ್ಲದೆ ಬೆಳೆಯಬಾರದು ಎಂದೆ. ಅದರ ನ್ಯಾಯ ಅವರಿಗೆ ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಪೂರ್ತಿ ತಿಳಿದಿರಲಿಲ್ಲ.

"ನಿನ್ನ ನೌಕರಿ ಹೊಕ್ಕೈತೇನು?"

"ಹೋಗಬಹುದ್ರಿ."

"ಹಂಗಾರ ಕೀಳು."

ನಾನು ಮೊದಲ ಗಿಡಕ್ಕೆ ಕೈ ಹಾಕಿದಾಗ ಅವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು. ಎಡಗಣ್ಣು ತೆರೆದೇ ಇತ್ತು. ಅದಕ್ಕೆ ಪೊರೆ. ಮಂಜಿನೊಳಗೆ ನಾನು ಬಗ್ಗುವುದು, ಏಳುವುದು ಅಷ್ಟೇ ಅವರಿಗೆ ಕಂಡಿರಬೇಕು. ಮಡಿ ಬರಿದಾಗುವತನಕ ಅವರು ಕೈ ತೆಗೆಯಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು. ಆದರೂ ಒಂದು ಗಿಡವನ್ನೂ ಬಿಡಲಿಲ್ಲ.

ಮರುದಿನ ರವಿವಾರ ಮಧ್ಯಾಹ್ನ ಗೇಟಿನ ಸಪ್ಪಳವಾಯಿತು. ನೋಡಿದರೆ ಶರಣಪ್ಪ ಹವಾಲ್ದಾರರು. ಡ್ಯೂಟಿಯಿಂದ ನೇರ ಬಂದಿದ್ದರು, ಮೈಮೇಲೆ ಖಾಕಿ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ನಮ್ಮ ಮನೆಯವರು ಹೊರಗೆ ಹೋಗಿದ್ದರು. ಭತ್ತದ ಚೀಲಗಳಿದ್ದರೆ ಐವತ್ತನಾಲ್ಕರ ಈ ವಯಸ್ಸಿನಲ್ಲೂ ಅವುಗಳ ಹಿಂದೆ ಅಡಗುತ್ತಿದ್ದೆ. ಅವರು ಗೇಟು ಮುಚ್ಚಿ, ಓಣಿಯ ಆ ಕಡೆ ಈ ಕಡೆ ನೋಡಿ, ಒಳಗೆ ಬಂದರು. ಕುಳಿತುಕೊಳ್ಳಿ ಎಂದೆ. ಕುಳಿತುಕೊಳ್ಳಲಿಲ್ಲ.

"ಅಕ್ಕೋರ, ನೀವು ಸಾಯನ್ಸ್ ಟೀಚರ್ರು. ನಮ್ಮ ಹಿತ್ತಲದಾಗಿಂದು ಏನ ಗಿಡಾ ಅಂತ ನಿಮಗ ಮೊದಲ ಗೊತ್ತಾಗಿರ್ತೈತಿ," ಎಂದರು.

ನಾನು ಕಲೆಯಾದ ಉಗುರನ್ನು ಸೆರಗಿನೊಳಗೆ ಸರಿಸಿದೆ. ಅವರು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ಮಾತು ಮುಂದುವರಿಸಿದರು.

"ನಂದು ಇನ್ನಾ ಮೂರು ವರ್ಷ ಸರ್ವಿಸ್ ಐತ್ರಿ. ಪೊಲೀಸನ ಮನ್ಯಾಗನ ಬೆಳದಾರ ಅಂದ್ರ ಮಂದಿ ಸುಮ್ಮನ ಬಿಡ್ತಾರೇನ್ರಿ? ಪೇಪರ್ ನೋಡಿದಾಗಿಂದ ನಿಮ್ಮ ಮುಖಾ ನೋಡಾಕ ನನಗ ಅಂಜಿಕಿ ಆಗತಿತ್ತು. ನೀವು ಹಾವಿನ ಮಾತ ಹೇಳಿ ಓಣ್ಯಾಗಿಂದೆಲ್ಲಾ ಕೀಳಿಸಿದ್ರಿ. ನನ್ನ ಮರ್ಯಾದಿ ಉಳಸಾಕ ಹೇಳಿದ್ರಿ ಅಂತ ತಿಳೀತ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ."

ಅವರು ಎರಡೂ ಕೈ ಜೋಡಿಸಿದರು. ಒಂದು ವಾರದಿಂದ ನಾನು ಅವರಿಗೆ, ಅವರು ನನಗೆ ಹೆದರಿ ಒಂದೇ ಓಣಿಯಲ್ಲಿ ಬದುಕಿದ್ದೆವು. ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ನಿಜ ಹೇಳಬೇಕಾಗಿತ್ತು, ಅದೂ ಆಗಲಿಲ್ಲ. ಇರಲಿ ಬಿಡ್ರಿ, ನೆರೆಹೊರೆಯವರು ಅಂದಮೇಲೆ ಇಷ್ಟೂ ಮಾಡದಿದ್ದರೆ ಹೇಗೆ ಎಂದುಬಿಟ್ಟೆ. ಆ ಉಪಕಾರವನ್ನು ನಾನು ಇವತ್ತಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ. ಅವರ ಮನೆಯ ಗಿಡಗಳನ್ನು ಅವರು ಬುಧವಾರವೇ ಕಿತ್ತು ಸುಟ್ಟಿದ್ದರಂತೆ. ಹೊರಡುವಾಗ, ಶಾಂತಾ ಡಬ್ಬಿ ತಿರುಗಿ ಕೊಟ್ಟು ಬಾ ಅಂದಿದ್ದಳು ಎಂದು ಅದನ್ನು ಅಷ್ಟರಲ್ಲಿ ಒಳಗಿನಿಂದ ಬಂದ ಅತ್ತೆಯ ಕೈಗೆ ಕೊಟ್ಟು ಹೋದರು.

ಅವರು ಗೇಟು ದಾಟಿದ ಮೇಲೆ ಅತ್ತೆ ಮುಚ್ಚಳ ತೆಗೆದರು. ಒಳಗೆ ಕಾಗದದ ಪೊಟ್ಟಣ. ಖಾಲಿ ಕಳಿಸಬಾರದೆಂದು ಶಾಂತಕ್ಕ, ಗಿಡ ಸುಡುವ ಮೊದಲು, ಮುಂಚೆಯೇ ಅರಳಿ ಒಣಗಿದ್ದ ಕಾಯಿಗಳನ್ನು ಬಿಡಿಸಿ, ಬೀಜವನ್ನು ಸೋಸಿ ಇಟ್ಟಿದ್ದಳು. ಹವಾಲ್ದಾರರು ಅದನ್ನು ತಮ್ಮ ಕೈಯಾರೆ ಓಣಿಗುಂಟ ಹೊತ್ತು ತಂದಿದ್ದರು. ಅತ್ತೆ ಪೊಟ್ಟಣ ಬಿಚ್ಚಿ, ಬೀಜವನ್ನು ಬೆರಳಿನಿಂದ ಸವರಿ, ಬಲಗಣ್ಣಿನಿಂದ ನೆಟ್ಟಗೆ ನನ್ನ ಮುಖ ನೋಡಿದರು.

"ಇದನ್ನ ಹುರಿಲೇನು, ಬಿತ್ತಲೇನು?"

ಅವರ ದನಿಯಲ್ಲಿ ಚೇಷ್ಟೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಏನು ಹೇಳಿದರೂ ಅದನ್ನೇ ಮಾಡುವವರಿದ್ದರು. ಹುರೀರಿ ಎಂದೆ. ಅವರು ಬಾಣಲೆ ಇಟ್ಟು ಹುರಿದರು. ಒಂದು ಕಾಳೂ ಹಸಿ ಉಳಿಯಬಾರದೆಂದು ನಾನು ಪಕ್ಕದಲ್ಲಿ ನಿಂತು ಕಾವಲು ಕಾದೆ. ಬೆಲ್ಲ, ಕೊಬ್ಬರಿ ಹಾಕಿ ಪಾಯಸ ಮಾಡಿದರು. ಸ್ವಲ್ಪ ಸೀದ ವಾಸನೆ ಇತ್ತು. ಶಾಂತಕ್ಕನ ಮನೆಯದೊಂದು ಬಟ್ಟಲು ನಮ್ಮಲ್ಲಿ ಉಳಿದಿತ್ತು, ಅದನ್ನು ಖಾಲಿ ಕಳಿಸಬಾರದಲ್ಲ, ತುಂಬಿಸಿ ಕಳಿಸಿದರು. ಅವತ್ತೇ ನಾನು ಸಾಸಿವೆ ಡಬ್ಬಿಯ ಏಳನೆಯ ಬಟ್ಟಲನ್ನು ತೊಳೆದಿಟ್ಟದ್ದು.

ಅದಾಗಿ ಒಂದು ವರ್ಷವಾಗುತ್ತ ಬಂತು. ಅತ್ತೆ ಆ ಹೂವಿನ ಮಾತು ಎತ್ತಿಲ್ಲ. ಮಡಿಗೆ ನಾನು ದಾಸವಾಳ ತಂದು ನೆಟ್ಟೆ, ಅದೂ ಕೆಂಪೇ. ಅವರು ನೀರು ಹಾಕುತ್ತಾರೆ, ಎಣಿಸುವುದಿಲ್ಲ. ಬೆಳಗಿನ ಚಹಾ ಈಗ ಮುಂದಿನ ಕಟ್ಟೆಯ ಮೇಲೆ. ಆದರೆ ಗಸಗಸೆ ಕಾಳು ಎಷ್ಟು ಸಣ್ಣದೆಂದರೆ ಉದುರಿದ್ದನ್ನು ಯಾರೂ ಆರಿಸಲಾರರು. ಈ ಸಲ ಹಟ್ಟಿ ಹಬ್ಬ ಮುಗಿದು ಚಳಿ ಬಿದ್ದಾಗಿನಿಂದ, ಬಸ್ಸಿಗೆ ಹೊರಡುವ ಮೊದಲು ನಾನು ದಿನಾ ಬಚ್ಚಲ ಹಿಂದೆ ಹೋಗಿ ಮಡಿಯನ್ನು ಗೆರೆ ಗೆರೆಯಾಗಿ ನೋಡುತ್ತೇನೆ. ಪರೀಕ್ಷೆಯ ಪೇಪರನ್ನೂ ಅಷ್ಟು ನಿಗಾ ಇಟ್ಟು ನೋಡಿದವಳಲ್ಲ.

ನಿನ್ನೆ ಸಿಕ್ಕಿತು. ದಾಸವಾಳದ ಬುಡದಲ್ಲಿ ಒಂದೇ ಒಂದು ಸಸಿ, ಬೂದಿ ಬಳಿದ ನಾಲ್ಕು ಎಲೆ. ಅತ್ತೆ ಮುಂದಿನ ಕಟ್ಟೆಯ ಮೇಲಿದ್ದಾರೆಂದುಕೊಂಡು ಬಗ್ಗಿ ಚಿವುಟಿ ಮುಷ್ಟಿಯೊಳಗೆ ಹಿಡಿದೆ. ಏಳುವಾಗ ನೋ‌ಡಿದರೆ ಅವರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಏನದು ಎಂದು ಕೇಳಿದರು. ಹುಲ್ಲು ಎಂದೆ.

ಅವರು ನನ್ನ ಮುಷ್ಟಿಯನ್ನು ನೋಡಿದರು. ಆಮೇಲೆ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಒಳಗೆ ಹೋದರು. ಬಸ್ಸು ಊರು ದಾಟಿದ ಮೇಲೂ ನಾನು ಮುಷ್ಟಿ ಬಿಚ್ಚಿರಲಿಲ್ಲ.